ಅರ್ಥವಾಗದ ಕಾನೂನಿಗೆ ಯಾರು ತೆರಬೇಕು?

ಕಾನೂನು ತಿಳಿಯದೆಂಬುದು ತಪ್ಪಿಗೆ ಸಬೂಬಲ್ಲವೆಂದು ಕೋರ್ಟುಗಳು ಹೇಳುತ್ತ ಬಂದಿವೆ. ಒಪ್ಪೋಣ. ಆದರೆ ಕಾನೂನು ನಡೆಸುವ ಕಚೇರಿಯೇ ಅದರ ಅರ್ಥವನ್ನು ನಿಶ್ಚಯಿಸದಿರುವಾಗ ತಪ್ಪು ಯಾರದು? ಥಾಯ್ಲೆಂಡಿನಲ್ಲಿ ನೆಲೆಸಿರುವ ಪರದೇಶದ ಜನ 2023ರಿಂದ ಕೇಳುತ್ತಿರುವ ಪ್ರಶ್ನೆ ಇದು. ದೂರದ ಸುದ್ದಿಯೆಂದು ವಾಚಕರು ಪುಟ ಮಗುಚಬಾರದು. ನಮ್ಮ ಪೇಟೆಯ ಅಂಗಡಿಕಾರನಿಗೂ ಇದರಲ್ಲಿ ತನ್ನ ಮುಖ ಕಂಡೀತು.

ಥಾಯ್ಲೆಂಡಿನ ತೆರಿಗೆ ಕಾನೂನಿನ 41ನೆಯ ಕಲಮಿನಂತೆ, ಒಂದು ವರ್ಷದಲ್ಲಿ ಒಟ್ಟು 180 ದಿನ ಅಥವಾ ಹೆಚ್ಚು ಕಾಲ ಅಲ್ಲಿ ಉಳಿದವನು, ಯಾವ ದೇಶದ ಪ್ರಜೆಯೇ ಆಗಿರಲಿ, ತೆರಿಗೆಯ ಮಟ್ಟಿಗೆ ಅಲ್ಲಿನ ನಿವಾಸಿ. ಹೊರದೇಶದಲ್ಲಿ ಹುಟ್ಟಿದ ತನ್ನ ವರಮಾನವನ್ನು ಅವನು ಥಾಯ್ಲೆಂಡಿನೊಳಕ್ಕೆ ತಂದರೆ ಅದಕ್ಕೆ ಆದಾಯಕರ ತೆರಬೇಕು. ಇದಕ್ಕೆ ಇಲಾಖೆಯವರು ದಶಕಗಳ ಕಾಲ ಹಚ್ಚಿದ ಅರ್ಥವೇನೆಂದರೆ, ಗಳಿಸಿದ ವರ್ಷದಲ್ಲೇ ತಂದರೆ ಮಾತ್ರ ಕರ. ಡಿಸೆಂಬರ್ 31 ದಾಟಿಸಿ ಜನವರಿ 1ರಂದು ತಂದರೆ ಕಾಸೂ ಕೊಡಬೇಕಿಲ್ಲ!

ಈ ಕಿಂಡಿಯಲ್ಲಿ ನುಸುಳಿದವರು ಯಾರು? ತಿಂಗಳ ಪಿಂಚಣಿಯನ್ನು ಆ ತಿಂಗಳೇ ಉಣ್ಣುವವನಿಗೆ ಹಣವನ್ನು ವರ್ಷ ದಾಟಿಸುವ ತಾಕತ್ತಿಲ್ಲ. ಕಾಯುವ ತಾಕತ್ತಿರುವುದು ಹಣವಂತನಿಗೆ. ಹೊರದೇಶದ ಬ್ಯಾಂಕುಗಳಲ್ಲಿ ಷೇರು ಠೇವಣಿಗಳನ್ನಿಟ್ಟ ಥಾಯ್ ಧನಿಕರಿಗೂ ಅವರಂಥ ಪರದೇಶಿಗಳಿಗೂ ಇದು ರಾಜಮಾರ್ಗವಾಗಿತ್ತು. ಆದ್ದರಿಂದ 2023ರ ಸೆಪ್ಟೆಂಬರ್ 15ರಂದು ಇಲಾಖೆ ತನ್ನ 161ನೆಯ ಆದೇಶ ಹೊರಡಿಸಿ, 2024ರ ಜನವರಿ 1ರಿಂದ ಯಾವ ವರ್ಷ ಗಳಿಸಿದ್ದಾದರೂ ಸರಿ, ತಂದ ವರ್ಷದಲ್ಲಿ ಕರ ಕೊಡಬೇಕೆಂದಾಗ ಅದರ ಉದ್ದೇಶದ ಬಗ್ಗೆ ನಮ್ಮ ತಕರಾರಿಲ್ಲ. ಉಳ್ಳವರ ಕಿಂಡಿ ಮುಚ್ಚುವ ಸರ್ಕಾರ ಯಾವ ದೇಶದ್ದಾದರೂ ಅದಕ್ಕೆ ನಮ್ಮ ಬೆಂಬಲವಿದೆ.

ಆದರೆ ಮುಚ್ಚಿದ ರೀತಿ ನೋಡಿ. ಸಂಸತ್ತಿನಲ್ಲಿ ಚರ್ಚೆಯಿಲ್ಲ, ಹೊಸ ಶಾಸನವಿಲ್ಲ. ಅಧಿಕಾರಿಗಳಿಗೆ ಬರೆದ ಒಂದು ಚಿಕ್ಕ ಆದೇಶದಿಂದ ದಶಕಗಳ ಅರ್ಥ ತಲೆಕೆಳಗಾಯಿತು. ಹತ್ತು ವರ್ಷ ಹಿಂದೆ ಕೂಡಿಟ್ಟ ಉಳಿತಾಯಕ್ಕೂ ಕರವೇ ಎಂದು ಜನ ಕೇಳಿದರು. ಉತ್ತರ ಬಂದದ್ದು ಎರಡು ತಿಂಗಳ ಮೇಲೆ: ನವೆಂಬರ್ 20ರ 162ನೆಯ ಆದೇಶ, 2024ಕ್ಕೆ ಮುಂಚೆ ಗಳಿಸಿದ್ದಕ್ಕೆ ಹೊಸ ಅರ್ಥ ಅನ್ವಯಿಸದು ಎಂದಿತು. ಒಳ್ಳೆಯದೇ. ಆದರೆ ಹಳೆಯ ಉಳಿತಾಯವೂ ಹೊಸ ಪಿಂಚಣಿಯೂ ಒಂದೇ ಖಾತೆಯಲ್ಲಿ ಬೆರೆತಿದ್ದರೆ ಮೊದಲು ಹೊರಟದ್ದು ಯಾವ ಹಣ? ಕೆರೆಯ ನೀರಿನಲ್ಲಿ ಹೋದ ವರ್ಷದ ಮಳೆ ಯಾವುದು, ಈ ವರ್ಷದ್ದು ಯಾವುದು ಎಂದು ಕೇಳಿದಂತಾಯಿತು. ಆದೇಶಗಳಲ್ಲಿ ಇದಕ್ಕೆ ಉತ್ತರವಿಲ್ಲ. ಊರಿನ ಬ್ಯಾಂಕಿನ ಕಾರ್ಡನ್ನು ಅಲ್ಲಿನ ಅಂಗಡಿಯಲ್ಲಿ ಉಜ್ಜಿದರೆ ಅದೂ ಹಣ ತಂದಂತೆಯೇ? ಅದಕ್ಕೂ ಇಲ್ಲ.

ಒಂದು ಲೆಕ್ಕ ಹಾಕೋಣ. ನಿವೃತ್ತನ ವೀಸಾ ಬೇಕಾದರೆ ಐವತ್ತು ವರ್ಷ ತುಂಬಿದ ಪರದೇಶಿ ಅಲ್ಲಿನ ಬ್ಯಾಂಕಿನಲ್ಲಿ 8 ಲಕ್ಷ ಬಹ್ತ್ ಇಟ್ಟಿರಬೇಕು, ಇಲ್ಲವೇ ತಿಂಗಳಿಗೆ 65 ಸಾವಿರ ಬಹ್ತ್ ವರಮಾನ ತೋರಿಸಬೇಕು. ವರಮಾನ ತೋರಿಸುವವನು ವರ್ಷಕ್ಕೆ 7 ಲಕ್ಷ 80 ಸಾವಿರ ತಂದನೆನ್ನಿ. ವಯಸ್ಸು ಅರವತ್ತು. ಖರ್ಚಿನ ಬಾಬ್ತು ಒಂದು ಲಕ್ಷ, ಸ್ವಂತಕ್ಕೆ 60 ಸಾವಿರ ಕಳೆದರೆ 6 ಲಕ್ಷ 20 ಸಾವಿರ ಉಳಿಯಿತು. ಮೊದಲ ಒಂದೂವರೆ ಲಕ್ಷಕ್ಕೆ ಕರವಿಲ್ಲ; ಮೇಲಿನದಕ್ಕೆ ಶೇಕಡಾ 5, 10, 15ರ ಮೆಟ್ಟಿಲು. ಒಟ್ಟು ಕರ 45,500 ಬಹ್ತ್, ಅಂದರೆ ಅವನ ಮೂರು ವಾರದ ಖರ್ಚು. ವೀಸಾ ಕಚೇರಿ ಹಣ ತರಲೇಬೇಕೆನ್ನುತ್ತದೆ. ತೆರಿಗೆ ಕಚೇರಿ ತಂದೆಯಾದರೆ ಕರ ಕೊಡೆನ್ನುತ್ತದೆ. ಬ್ರಿಟನ್ನಿನ ಸರ್ಕಾರಿ ವೃದ್ಧಾಪ್ಯ ಪಿಂಚಣಿ ನಂಬಿದವನ ಪಾಡು ಇನ್ನೂ ಕಷ್ಟ. ಸ್ವದೇಶದಲ್ಲಿ ಅದು ವರ್ಷವರ್ಷ ಏರುತ್ತದೆ. ಥಾಯ್ಲೆಂಡಿಗೆ ಹೋಗಿ ನೆಲೆಸಿದವನಿಗೆ ಏರಿಕೆಯೇ ಇಲ್ಲ. ಮುದುಕನಾದಂತೆ ಪಿಂಚಣಿ ಸವೆಯುತ್ತದೆ.

ಇನ್ನು ಅತಿ ಮುಖ್ಯ ಸಂಗತಿ. ಈ ಆದೇಶಗಳಿಗೂ ಮೊದಲೇ, 2022ರಲ್ಲಿ, ಥಾಯ್ ಸರ್ಕಾರ 743ನೆಯ ರಾಜಾಜ್ಞೆಯಿಂದ ದೀರ್ಘಾವಧಿ ವೀಸಾ ಪಡೆದ ಕೆಲವು ವರ್ಗದವರಿಗೆ ಹೊರದೇಶದ ವರಮಾನದ ಮೇಲೆ ಕರದ ವಿನಾಯಿತಿ ಕೊಟ್ಟಿತ್ತು. ಆ ವರ್ಗಗಳ ಹೆಸರು ಕೇಳಿ: ‘ಧನಿಕ ಜಾಗತಿಕ ಪ್ರಜೆ’, ‘ಧನಿಕ ಪಿಂಚಣಿದಾರ’. ಇದು ನಾವು ಕಟ್ಟಿದ ಗೇಲಿಯಲ್ಲ, ಸರ್ಕಾರವೇ ಇಟ್ಟ ಹೆಸರು! ಮೊದಲನೆಯವನಿಗೆ ಹತ್ತು ಲಕ್ಷ ಡಾಲರಿನ ಆಸ್ತಿ ಇರಬೇಕು. ಎರಡನೆಯವನಿಗೆ ವರ್ಷಕ್ಕೆ 80 ಸಾವಿರ ಡಾಲರ್ ವರಮಾನ, ಅಥವಾ ಅದರ ಅರ್ಧವಿದ್ದು ಥಾಯ್ಲೆಂಡಿನಲ್ಲಿ ಎರಡೂವರೆ ಲಕ್ಷ ಡಾಲರ್ ಹೂಡಿಕೆ. ಕೋಟ್ಯಧೀಶನ ಪಾಲಿನ ಕಾನೂನು ಅಚ್ಚುಕಟ್ಟಾಗಿ ಅಚ್ಚಾಗಿದೆ, ಅದರಲ್ಲಿ ಸಂದೇಹಕ್ಕೆಡೆಯಿಲ್ಲ. ಸಂದೇಹವೆಲ್ಲ ಸಣ್ಣವನ ತಲೆಗೆ ಕಟ್ಟಿದ್ದು.

ಆ ಸಣ್ಣವರು ಏನು ಮಾಡುತ್ತಿದ್ದಾರೆ? ಕೆಲವರು 2023ರ ಡಿಸೆಂಬರ್ 31ರ ಬ್ಯಾಂಕ್ ಬಾಕಿಯ ದಾಖಲೆ ಪಡೆದು ಮಡಿಸಿಟ್ಟುಕೊಂಡಿದ್ದಾರೆ. ಕೆಲವರು ಹಳೆಯ ಹಣಕ್ಕೊಂದು, ಹೊಸದಕ್ಕೊಂದು ಖಾತೆ ತೆರೆದಿದ್ದಾರೆ. ಕೆಲವರು ಪಂಚಾಂಗ ಹಿಡಿದು ದಿನ ಎಣಿಸಿ 179ಕ್ಕೆ ಗಡಿ ದಾಟುತ್ತಾರೆ. ಇಬ್ಬಗೆಯ ಕರ ತಪ್ಪಿಸುವ ಒಪ್ಪಂದ ಅರವತ್ತು ದೇಶಗಳೊಡನೆ ಇದೆ ನಿಜ. ಆದರೆ ಒಂದೊಂದರಲ್ಲಿ ಒಂದೊಂದು ಮಾತು. ಅಮೆರಿಕದ ಸಾಮಾಜಿಕ ಭದ್ರತೆಯ ಪಿಂಚಣಿಗೆ ಕರ ಹಾಕುವ ಹಕ್ಕು ಅಮೆರಿಕಕ್ಕೇ ಬಿಟ್ಟದ್ದು. ಬ್ರಿಟನ್ನಿನ ಒಪ್ಪಂದ ಸರ್ಕಾರಿ ನೌಕರನ ಪಿಂಚಣಿಯನ್ನು ಮಾತ್ರ ಕಾಯುತ್ತದೆ. ಇದನ್ನೆಲ್ಲ ಬಿಡಿಸಿ ಹೇಳಲು ಸಲಹೆಗಾರರಿದ್ದಾರೆ, ಶುಲ್ಕ ಕೊಟ್ಟರೆ. ಇನ್ನುಳಿದವರು ಸುಮ್ಮನಿದ್ದಾರೆ, ಹೆದರಿಕೊಂಡು. ನಿದ್ದೆಗೆಡುವವರು ಇವರೇ.

ಈ ಮಧ್ಯೆ ಮಾತು ಬದಲಾಗುತ್ತಲೇ ಇದೆ. 2024ರಲ್ಲಿ ಇಲಾಖೆಯ ಮುಖ್ಯಸ್ಥರು, ಒಳಕ್ಕೆ ತರದಿದ್ದರೂ ಪ್ರಪಂಚದ ಎಲ್ಲ ವರಮಾನಕ್ಕೆ ಕರ ಹಾಕುವ ಯೋಚನೆಯಿದೆ ಎಂದರು. 2025ರಲ್ಲಿ ಇದಕ್ಕೆ ನೇರ ಎದುರಾದ ಸುದ್ದಿ: ಗಳಿಸಿದ ವರ್ಷದಲ್ಲೋ ಮರುವರ್ಷದಲ್ಲೋ ತಂದರೆ ಕರ ಬಿಡುವ ಕರಡು ತಯಾರಾಗುತ್ತಿದೆ ಎಂದು. ಹಿಂದೆ ಬೇಗ ತಂದವನಿಗೆ ಕರ, ಮುಂದೆ ತಡಮಾಡಿದವನಿಗೆ ಕರ! ಬಡ ಪಿಂಚಣಿದಾರ ಯಾವ ಮಾತು ನಂಬಿ ಹಣ ತರಬೇಕು?

ನಮ್ಮ ಮನೆ ನೆಟ್ಟಗಿದೆಯೇ? 2020ರ ಫೆಬ್ರವರಿ 1ರ ಕೇಂದ್ರ ಬಜೆಟ್ಟಿನಲ್ಲಿ, ಬೇರಾವ ದೇಶದಲ್ಲೂ ಕರಕ್ಕೆ ಒಳಪಡದ ಭಾರತೀಯ ಪ್ರಜೆಯನ್ನು ಇಲ್ಲಿನ ನಿವಾಸಿಯೆಂದೇ ಭಾವಿಸತಕ್ಕದ್ದು ಎಂಬ ವಾಕ್ಯ ಬಂತು. ದುಬೈ, ಕತಾರುಗಳಲ್ಲಿ ಸಂಬಳಕ್ಕೆ ಆದಾಯಕರವಿಲ್ಲ. ಉಡುಪಿ, ಮಂಗಳೂರು, ಭಟ್ಕಳದ ಎಷ್ಟೋ ಮನೆಗಳ ಒಲೆ ಉರಿಯುವುದು ಆ ಸಂಬಳದಿಂದ. ಮರುದಿನವೇ ಸರ್ಕಾರ, ದುಡಿಯಲು ಹೋದವರನ್ನು ಉದ್ದೇಶಿಸಿದ್ದಲ್ಲ ಎಂದು ಹೇಳಿಕೆ ಕೊಡಬೇಕಾಯಿತು; ಕೊನೆಗೆ ಭಾರತದೊಳಗಿನ ವರಮಾನ 15 ಲಕ್ಷ ಮೀರಿದವರಿಗೆ ಮಾತ್ರ ಎಂಬ ಮಿತಿ ಬಂತು. ಆ ಮಿತಿಯನ್ನು ಮೊದಲ ದಿನವೇ ಬರೆಯಲು ಏನು ಅಡ್ಡಿಯಿತ್ತು?

2025ರ ಜುಲೈ ತಿಂಗಳನ್ನು ವ್ಯಾಪಾರಿ ಮಿತ್ರರು ಮರೆತಿರಲಾರರು. ಯುಪಿಐನಲ್ಲಿ ಬಂದ ಹಣದ ಮೊತ್ತವನ್ನಷ್ಟೇ ನೋಡಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ಅಂಗಡಿಗಳಿಗೆ ನೋಟೀಸು ಕೊಟ್ಟಿತು. ಹಾಲು, ತರಕಾರಿಯಂಥ ಕರವಿಲ್ಲದ ಸರಕು ಮಾರಿದವನಿಗೂ ಲಕ್ಷಗಟ್ಟಲೆ ಬಾಕಿಯ ಚೀಟಿ. ಗೋಡೆಗೆ ಅಂಟಿಸಿದ್ದ ಕ್ಯೂಆರ್ ಕಿತ್ತು, ನಗದು ಮಾತ್ರ ಎಂದು ಬರೆದರು. ಮುಖ್ಯಮಂತ್ರಿಗಳು ಸಭೆ ಕರೆದು ಹಳೆಯ ಬಾಕಿಯನ್ನು ಒತ್ತಾಯಿಸುವುದಿಲ್ಲ ಎಂದ ಮೇಲೆ ಗದ್ದಲ ತಣ್ಣಗಾಯಿತು. ಪಾಟಾಯದ ಪಿಂಚಣಿದಾರನೂ ನಮ್ಮ ಬೇಕರಿಯವನೂ ಭಾಷೆ ಬೇರೆಯಾದರೂ ಒಂದೇ ಸಂಕಟದವರು.

ಥಾಯ್ ಸರ್ಕಾರ ಮಾಡಬೇಕಾದ್ದು ಕಷ್ಟದ್ದೇನಲ್ಲ. ವೀಸಾಕ್ಕೆ ತೋರಿಸಲೇಬೇಕಾದ 65 ಸಾವಿರದವರೆಗಿನ ತಿಂಗಳ ಪಿಂಚಣಿಯನ್ನು ಕರದಿಂದ ಬಿಡಲಿ. ಆ ನಷ್ಟ ತುಂಬಲು ‘ಧನಿಕ’ರೆಂದು ತಾನೇ ಹೆಸರಿಟ್ಟವರ ವಿನಾಯಿತಿ ರದ್ದು ಮಾಡಲಿ. ಬೆರೆತ ಖಾತೆಯ ಲೆಕ್ಕವನ್ನು ಹೇಗೆ ಹಿಡಿಯಬೇಕೆಂಬುದನ್ನು ಒಂದು ಪುಟದಲ್ಲಿ ಬರೆದು, ವರ್ಷ ಆರಂಭವಾಗುವ ಮುಂಚೆ ಪ್ರತಿ ತೆರಿಗೆ ಕಚೇರಿಯ ಬಾಗಿಲಿಗೆ ಅಂಟಿಸಲಿ.