ಮಡಿಲಕ್ಕಿಯ ಕೊಬ್ಬರಿ, ವಿಮಾನದ ನಿಯಮ

ಕಳೆದ ವರ್ಷ ವಿಮಾನ ನಿಲ್ದಾಣವೊಂದರ ಭದ್ರತಾ ತಪಾಸಣೆಯ ಸಾಲಿನಲ್ಲಿ ನನ್ನ ಮುಂದೆ ಐವತ್ತು ದಾಟಿದ ಹೆಣ್ಣುಮಗಳೊಬ್ಬರು ನಿಂತಿದ್ದರು. ಅಣ್ಣನ ಮನೆಯ ಗೃಹಪ್ರವೇಶ ಮುಗಿಸಿಕೊಂಡು ದೂರದೂರಿನ ತಮ್ಮ ಮನೆಗೆ ಹೊರಟಿದ್ದರು. ಸ್ಕ್ಯಾನರ್‌ನೊಳಗೆ ಅವರ ಚೀಲ ನಿಂತಿತು. ಸಿಬ್ಬಂದಿ ಚೀಲ ಬಿಚ್ಚಿದಾಗ ಹೊರಬಂದದ್ದು ಮಡಿಲಕ್ಕಿ: ಅಕ್ಕಿ, ಬೆಲ್ಲದ ಅಚ್ಚು, ಅರಿಶಿನದ ಕೊಂಬು, ಎಲೆ ಅಡಿಕೆ, ರವಿಕೆ ಕಣ, ಎರಡು ಗಿಟುಕು ಕೊಬ್ಬರಿ. ಕೊಬ್ಬರಿಯನ್ನು ಮಾತ್ರ ತೆಗೆದು ಪಕ್ಕಕ್ಕಿಟ್ಟರು. ‘ತವರಿನವರು ಉಡಿ ತುಂಬಿದ್ದು ಕಣಪ್ಪ, ಇದನ್ನ ಹೆಂಗೆ ಬಿಸಾಕ್ಲಿ?’ ಎಂದು ಆಕೆ ಕೇಳಿದರು. ತಪಾಸಣೆಯ ಆ ಹುಡುಗನಿಗೆ ಕನ್ನಡ ಬರುತ್ತಿರಲಿಲ್ಲ, ಆಕೆಗೆ ಹಿಂದಿ ಬರುತ್ತಿರಲಿಲ್ಲ. ನಾನು ಅವರ ಮಾತನ್ನು ಹಿಂದಿಯಲ್ಲಿ ಹೇಳಿದೆ. ‘ನಿಯಮ ಇದೆ’ ಎಂದಷ್ಟೇ ಉತ್ತರ ಬಂತು. ಏಕೆ ಎಂಬುದು ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಗಿಟುಕು ಬುಟ್ಟಿಗೆ ಬಿತ್ತು. ಕಣ್ಣೊರೆಸಿಕೊಂಡು ಆಕೆ ಉಳಿದದ್ದನ್ನು ಮತ್ತೆ ಗಂಟು ಕಟ್ಟಿದರು.

ಊರಿಗೆ ಬಂದ ಮೇಲೆ ಕಾರಣ ಹುಡುಕಿದೆ. ಕಾರಣ ಇದೆ, ಗಟ್ಟಿಯಾದದ್ದೇ ಇದೆ. ಒಣ ಕೊಬ್ಬರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಎಣ್ಣೆ. ತೇವ ತಗುಲಿ ರಾಶಿಯಾಗಿ ಬಿದ್ದಿದ್ದರೆ ಅದು ತಾನಾಗಿಯೇ ಕಾವೇರುತ್ತದೆ. ಹೀಗಾಗಿ ವಿಶ್ವಸಂಸ್ಥೆಯ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ, ತಾನಾಗಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಗುಂಪಿನಲ್ಲಿ, 1363ನೇ ಸಂಖ್ಯೆಯಡಿ ಕೊಬ್ಬರಿಗೂ ಜಾಗವಿದೆ. ಕೈಚೀಲದಲ್ಲಷ್ಟೇ ಅಲ್ಲ, ಚೆಕ್‌ಇನ್ ಬ್ಯಾಗಿನಲ್ಲೂ ನಮ್ಮ ವಿಮಾನಯಾನ ಸಂಸ್ಥೆಗಳು ಅದನ್ನು ಒಲ್ಲವು. ಆದರೆ ಅವುಗಳ ಇಂಗ್ಲಿಷ್ ಪಟ್ಟಿಗಳಲ್ಲಿ ಅದರ ಹೆಸರು ‘ಕೋಪ್ರಾ’. ತಿಪಟೂರು, ಅರಸೀಕೆರೆಯಲ್ಲಿ ವರ್ಷವಿಡೀ ಅಟ್ಟದ ಮೇಲೆ ಕಾಯಿ ಒಣಗಿಸಿ ಕೊಬ್ಬರಿ ಮಾಡುವ ಮನೆಯವರಿಗೂ, ಈ ‘ಕೋಪ್ರಾ’ ಎಂದರೆ ತಮ್ಮ ಅಟ್ಟದ ಮೇಲಿರುವುದೇ ಎಂದು ಹೇಗೆ ಹೊಳೆಯಬೇಕು?

ತಪಾಸಣೆಗೆ ಸಿದ್ಧರಾಗಿ ಬನ್ನಿ ಎಂದು ಪ್ರಯಾಣಿಕರಿಗೆ ಎಲ್ಲರೂ ಹೇಳುತ್ತಾರೆ. ಈ ಸಿದ್ಧತೆ ನಡೆಯುವುದು ಹಿಂದಿನ ರಾತ್ರಿ, ಮನೆಯ ನಡುಮನೆಯಲ್ಲಿ, ಅವ್ವನೋ ಅತ್ತೆಯೋ ಚೀಲ ತುಂಬುವ ಹೊತ್ತಿನಲ್ಲಿ. ಮಾಹಿತಿ ಸಿಗುವುದು ಮರುದಿನ, ಬೆಲ್ಟಿನ ಮುಂದೆ, ಹಿಂದಿನವರು ಗೊಣಗುತ್ತಿರುವಾಗ. ಅಷ್ಟು ಹೊತ್ತಿಗೆ ಚೆಕ್‌ಇನ್ ಬ್ಯಾಗ್ ಕೈದಾಟಿ ಹೋಗಿರುತ್ತದೆ, ಬೀಳ್ಕೊಡಲು ಬಂದವರು ಹೊರಗೇ ಉಳಿದಿರುತ್ತಾರೆ. ಬುಟ್ಟಿ ಬಿಟ್ಟರೆ ಬೇರೆ ದಾರಿ ಇರುವುದಿಲ್ಲ. ನನ್ನ ತಕರಾರು ನಿಯಮದ ಮೇಲಲ್ಲ, ಅದು ಜನರನ್ನು ತಲುಪುವ ಜಾಗ ಮತ್ತು ಭಾಷೆಯ ಮೇಲೆ.

ನಿಯಮಗಳನ್ನು ಹಗುರವಾಗಿ ಕಾಣುವವನು ನಾನಲ್ಲ. ಒಂದೊಂದರ ಹಿಂದೆಯೂ ಸಾವು ಇದೆ, ಇಲ್ಲವೇ ಸ್ವಲ್ಪದರಲ್ಲಿ ತಪ್ಪಿದ ಸಾವು ಇದೆ. 1985ರ ಜೂನ್ 23ರಂದು ಏರ್ ಇಂಡಿಯಾದ ಕನಿಷ್ಕ ವಿಮಾನ ಅಟ್ಲಾಂಟಿಕ್ ಸಾಗರದ ಮೇಲೆ ಸಿಡಿದು 329 ಜನ ಸತ್ತರು. ಬಾಂಬಿದ್ದ ಸೂಟ್‌ಕೇಸನ್ನು ವ್ಯಾಂಕೂವರ್‌ನಲ್ಲಿ ಒಪ್ಪಿಸಿದವನು ವಿಮಾನವನ್ನೇ ಹತ್ತಿರಲಿಲ್ಲ. ಪ್ರಯಾಣಿಕ ಬಾರದಿದ್ದರೆ ಅವನ ಬ್ಯಾಗನ್ನು ಕೆಳಗಿಳಿಸುವ ಇಂದಿನ ಕಟ್ಟುನಿಟ್ಟಿನ ಹಿಂದೆ ಆ ಪಾಠವಿದೆ. ನಾಗರಿಕ ವಿಮಾನಯಾನ ಭದ್ರತಾ ಬ್ಯೂರೊ (ಬಿಸಿಎಎಸ್) 1987ರ ಏಪ್ರಿಲ್‌ನಲ್ಲಿ ಸ್ವತಂತ್ರ ಇಲಾಖೆಯಾದದ್ದೂ ಆ ದುರಂತದ ನಂತರವೇ. 1999ರ ಡಿಸೆಂಬರ್‌ನಲ್ಲಿ ಕಠ್ಮಂಡುವಿನಿಂದ ಹೊರಟ ಐಸಿ 814 ವಿಮಾನದ ಅಪಹರಣವಾಯಿತು. ಎರಡು ತಿಂಗಳೊಳಗೆ ಜೈಪುರದಿಂದ ಆರಂಭವಾಗಿ, ನಿಲ್ದಾಣಗಳ ಕಾವಲು ಒಂದೊಂದಾಗಿ ಕೇಂದ್ರ ಕೈಗಾರಿಕಾ ಭದ್ರತಾ ಪಡೆಗೆ (ಸಿಐಎಸ್‌ಎಫ್) ಬಂತು. ನಮ್ಮ ಮಂಗಳೂರಿನಲ್ಲೇ 2020ರ ಜನವರಿ 20ರಂದು ಟಿಕೆಟ್ ಕೌಂಟರ್ ಬಳಿ ಯಾರೋ ಬಿಟ್ಟುಹೋದ ಚೀಲದಲ್ಲಿ ಸ್ಫೋಟಕ ಸಿಕ್ಕಿತ್ತು. ‘ಈ ಚೀಲ ಯಾರದು?’ ಎಂದು ಸಿಬ್ಬಂದಿ ಗದರಿದಾಗ ನನಗೆ ಆ ದಿನ ನೆನಪಾಗುತ್ತದೆ.

ಕೈಚೀಲದ ದ್ರವಕ್ಕಿರುವ 100 ಮಿಲಿಲೀಟರ್ ಮಿತಿಗೂ ಇಂಥದೇ ಹಿನ್ನೆಲೆ. ತಂಪು ಪಾನೀಯದ ಬಾಟಲಿಗಳಲ್ಲಿ ದ್ರವ ಸ್ಫೋಟಕ ತುಂಬಿ, ಅಟ್ಲಾಂಟಿಕ್ ದಾಟುವ ಹಲವು ವಿಮಾನಗಳನ್ನು ಉರುಳಿಸುವ ಸಂಚನ್ನು 2006ರ ಆಗಸ್ಟ್‌ನಲ್ಲಿ ಲಂಡನ್ ಪೊಲೀಸರು ಬಯಲಿಗೆಳೆದರು. ತಪಾಸಣೆಯ ಎಕ್ಸ್‌ರೇ ಯಂತ್ರ ವಸ್ತುಗಳನ್ನು ಬಣ್ಣ ಹಾಕಿ ವಿಂಗಡಿಸುತ್ತದೆ: ಲೋಹಕ್ಕೆ ನೀಲಿ; ಅನ್ನ, ಬಟ್ಟೆ, ಕಾಗದ, ಸ್ಫೋಟಕದಂಥವಕ್ಕೆ ಕಿತ್ತಳೆ; ನಡುವಿನವಕ್ಕೆ ಹಸಿರು. ಹಳೆಯ ಯಂತ್ರಗಳಿಗೆ ನೀರನ್ನೂ ಅಪಾಯದ ದ್ರವವನ್ನೂ ಬೇರೆ ಮಾಡಿ ತೋರಿಸುವುದು ಕಷ್ಟ. ಲ್ಯಾಪ್‌ಟಾಪ್ ಹೊರಗಿಡಿ ಎನ್ನುವುದೂ ಯಂತ್ರದ ಮಿತಿಯಿಂದಲೇ. ಅದರ ದಟ್ಟ ನೆರಳಿನ ಕೆಳಗೆ ಏನಿದ್ದರೂ ಕಾಣುವುದಿಲ್ಲ. ಇಷ್ಟನ್ನು ಒಮ್ಮೆ ತಿಳಿದವರು ಟ್ರೇಯ ಮುಂದೆ ಸಿಬ್ಬಂದಿಯೊಡನೆ ಜಗಳಕ್ಕೆ ನಿಲ್ಲುವುದಿಲ್ಲ.

ಗೊಂದಲ ಇರುವುದು ವಿವರಗಳಲ್ಲಿ. ವಿದೇಶಕ್ಕೆ ಹೋಗುವಾಗ 100 ಮಿಲಿಲೀಟರ್ ಎಂದರೆ ಡಬ್ಬಿಯ ಅಳತೆ, ಒಳಗೆ ಉಳಿದದ್ದರ ಅಳತೆಯಲ್ಲ; 200ರ ಬಾಟಲಿಯ ತಳದಲ್ಲಿ ಎರಡು ಚಮಚ ಕೊಬ್ಬರಿ ಎಣ್ಣೆ ಇದ್ದರೂ ಅದು ಹೋಗದು. ತುಪ್ಪ, ಜೇನು, ಗೊಜ್ಜು, ಉಪ್ಪಿನಕಾಯಿ ನಮ್ಮ ಅಡುಗೆಮನೆಯಲ್ಲಿ ದ್ರವವಲ್ಲದಿರಬಹುದು, ತಪಾಸಣೆಯಲ್ಲಿ ದ್ರವವೇ. ಖಾರದ ಪುಡಿ ಕೈಚೀಲಕ್ಕೆ ಬೇಡ, ಎದುರಿನವರ ಕಣ್ಣಿಗೆ ಎರಚಬಹುದು ಎಂಬ ಕಾರಣಕ್ಕೆ. ಅಜ್ಜಿಯ ಎಲೆ ಅಡಿಕೆ ಚೀಲದ ಅಡಕತ್ತರಿ ಚೆಕ್‌ಇನ್ ಬ್ಯಾಗಿಗೆ ಹೋಗಬೇಕು. ಪವರ್ ಬ್ಯಾಂಕ್ ಇದಕ್ಕೆ ತಿರುಗುಮುರುಗು: ಅದು ಕೈಚೀಲದಲ್ಲೇ ಇರಬೇಕು. ಲಿಥಿಯಂ ಬ್ಯಾಟರಿ ಹೊತ್ತಿಕೊಂಡರೆ ಕ್ಯಾಬಿನ್‌ನಲ್ಲಿ ಕೂಡಲೇ ಯಾರಾದರೂ ನೋಡುತ್ತಾರೆ, ಸರಕಿನ ಕೋಣೆಯಲ್ಲಿ ನೋಡುವವರಿಲ್ಲ. 100 ವ್ಯಾಟ್-ಅವರ್ ತನಕ ಅನುಮತಿ ಬೇಕಿಲ್ಲ. 20,000 ಎಂಎಎಚ್ ಎಂದು ಬರೆದದ್ದನ್ನು 3.7 ವೋಲ್ಟ್‌ನಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ 74 ಬರುತ್ತದೆ, ತೊಂದರೆಯಿಲ್ಲ. ಈ ಲೆಕ್ಕವನ್ನು ಪ್ರಯಾಣಿಕನೇ ಹಾಕಿಕೊಳ್ಳಬೇಕಾಗಿದೆ.

ಕರಾವಳಿಯಿಂದ ಕೊಲ್ಲಿಗೆ ಹೋಗುವವರ ವಿಷಯ ಇನ್ನೂ ಗಂಭೀರ. ಪಾಯಸಕ್ಕೆಂದು ಮನೆಯವರು ಕಟ್ಟಿಕೊಡುವ ಗಸಗಸೆ ಯುಎಇ, ಸೌದಿಯಲ್ಲಿ ನಿಷಿದ್ಧ. ಗಸಗಸೆ ಗಿಡ ಅಫೀಮಿನದೇ ಗಿಡ. ಇಲ್ಲಿ ಬುಟ್ಟಿಗೆ ಬೀಳುವ ವಸ್ತುವಿನಿಂದ ಆಗುವುದು ಬೇಸರ, ಅಲ್ಲಿ ಇಳಿದಾಗ ಸಿಗುವ ಗಸಗಸೆಯಿಂದ ಜೈಲೇ ಆಗಬಹುದು. ಕೆಲವು ನೋವಿನ ಮಾತ್ರೆಗಳಿಗೂ ಅಲ್ಲಿ ಮೊದಲೇ ಅನುಮತಿ ಬೇಕು. ಇದನ್ನು ಕೂಲಿಗೆ ಹೋಗುವ ಹುಡುಗನಿಗೆ ಕನ್ನಡದಲ್ಲೋ ತುಳು, ಬ್ಯಾರಿಯಲ್ಲೋ ತಿಳಿಸಿ ಹೇಳುವ ಹೊಣೆಯನ್ನು ಟಿಕೆಟ್ ಮಾರುವವರು ಹೊರಬೇಕು.

ವ್ಯವಸ್ಥೆಗೆ ಕಿವಿಯೇ ಇಲ್ಲ ಎನ್ನಲಾರೆ. ಶಬರಿಮಲೆಗೆ ಹೋಗುವ ಅಯ್ಯಪ್ಪ ಭಕ್ತರ ಇರುಮುಡಿಯ ತೆಂಗಿನಕಾಯಿಗೆ ಕ್ಯಾಬಿನ್‌ನಲ್ಲಿ ಅವಕಾಶವಿರಲಿಲ್ಲ. 2022ರ ಕೊನೆಯಲ್ಲಿ ಬಿಸಿಎಎಸ್ ಆ ಯಾತ್ರೆಯ ಕಾಲಕ್ಕಷ್ಟೇ ಸಡಿಲಿಕೆ ಕೊಟ್ಟಿತು. ಎಕ್ಸ್‌ರೇ, ಸ್ಫೋಟಕ ಪತ್ತೆ, ಕೈತಪಾಸಣೆ ಎಲ್ಲವೂ ಆಗಬೇಕೆಂಬ ಷರತ್ತಿನೊಂದಿಗೆ. 2024ರಲ್ಲೂ ಅದೇ ಸಡಿಲಿಕೆ ಬಂತು. ಜನರು ಏನನ್ನು, ಏಕೆ ಒಯ್ಯುತ್ತಾರೆಂದು ಅರಿತು ಭದ್ರತೆಗೆ ಕುಂದು ಬಾರದಂತೆ ದಾರಿ ಮಾಡಬಹುದು ಎಂಬುದಕ್ಕೆ ಇದು ಸಾಕ್ಷಿ. 2021ರಲ್ಲಿ ನೃತ್ಯಗಾತಿ, ನಟಿ ಸುಧಾ ಚಂದ್ರನ್ ಪ್ರತಿ ಸಲವೂ ತಮ್ಮ ಕೃತಕ ಕಾಲನ್ನು ಬಿಚ್ಚಬೇಕಾಗುತ್ತಿದೆ ಎಂದು ನೊಂದು ಮಾತಾಡಿದಾಗ ಸಿಐಎಸ್‌ಎಫ್ ಕ್ಷಮೆ ಕೇಳಿತು. ಹೆಸರಿದ್ದವರ ದನಿ ತಲುಪುತ್ತದೆ. ಹೆಸರಿಲ್ಲದವರು ಬುಟ್ಟಿಯ ಮುಂದೆ ಸುಮ್ಮನೆ ನಿಲ್ಲುತ್ತಾರೆ.

ಬೀದರ್, ಶಿವಮೊಗ್ಗಗಳಿಂದಲೂ ಈಗ ಮೊದಲ ಸಲ ವಿಮಾನ ಹತ್ತುವವರು ಹೊರಡುತ್ತಿದ್ದಾರೆ. ಅವರಿಗೆ ಆಗಬೇಕಾದ್ದು ದೊಡ್ಡ ಖರ್ಚಿನ ಕೆಲಸವಲ್ಲ. ಟಿಕೆಟ್ ಕೊಂಡ ದಿನವೇ ಮತ್ತು ಹೊರಡುವ ಹಿಂದಿನ ಸಂಜೆ ಮೊಬೈಲಿಗೆ ಕನ್ನಡದಲ್ಲಿ ಒಂದು ಸಂದೇಶ; ಓದಲು ಬಾರದವರಿಗೆ ಧ್ವನಿ ಸಂದೇಶ. ನಿಲ್ದಾಣದ ಫಲಕ ಬೆಲ್ಟಿನ ಬಳಿ ಬೇಡ, ಹೊರಗೆ, ಬೀಳ್ಕೊಡುವವರು ನಿಲ್ಲುವ ಕಡೆ ಇರಲಿ. ಬೇಡವೆಂದದ್ದನ್ನು ಅಲ್ಲೇ ಅವರ ಕೈಗೆ ಕೊಡಬಹುದು. ತಪಾಸಣೆಯ ಸಿಬ್ಬಂದಿಗೆ ಇಪ್ಪತ್ತು ಕನ್ನಡ ವಾಕ್ಯಗಳನ್ನು, ಅದರಲ್ಲೂ ‘ಏಕೆ’ ಎಂಬುದಕ್ಕೆ ಉತ್ತರ ಹೇಳುವ ವಾಕ್ಯಗಳನ್ನು, ಕಲಿಸಲಿ. ಅಡಕತ್ತರಿಯನ್ನೋ ಪುಟ್ಟ ಚಾಕುವನ್ನೋ ಅಂಚೆಯಲ್ಲಿ ಮನೆಗೆ ಮರಳಿಸುವ ಕೌಂಟರ್ ಒಂದಿರಲಿ.

ಪಟ್ಟಿಯಲ್ಲಿ ಹೆಸರುಗಳು ನಮ್ಮ ಮನೆಯವೇ ಆಗಿರಲಿ: ಬೆಂಕಿಪೊಟ್ಟಣ, ಖಾರದ ಪುಡಿ, ತುಪ್ಪದ ಡಬ್ಬಿ, ಅಡಕತ್ತರಿ. ಮೊದಲನೆಯ ಸಾಲಿನಲ್ಲಿ, ದಪ್ಪ ಅಕ್ಷರದಲ್ಲಿ, ಕೊಬ್ಬರಿ.