ಒಂದು ಹೊಲಕ್ಕೆ ನಾಲ್ಕು ಲೆಕ್ಕ

ರೂಪನಗುಡಿ ಹೋಬಳಿಯ ಎರೆಭೂಮಿಯಲ್ಲಿ ಹತ್ತಿಯನ್ನೋ ಮೆಣಸಿನಕಾಯಿಯನ್ನೋ ಬೆಳೆಯುವ ರೈತನು ಬೀಜಕ್ಕೆ ರೈತ ಸಂಪರ್ಕ ಕೇಂದ್ರಕ್ಕೂ, ಸಾಲಕ್ಕೆ ಸಹಕಾರ ಸಂಘಕ್ಕೂ, ಪಹಣಿಗೆ ನಾಡಕಚೇರಿಗೂ, ಕಾಲುವೆಯಿದ್ದಲ್ಲಿ ನೀರು ಬಳಕೆದಾರರ ಸಂಘಕ್ಕೂ ಹೋಗಬೇಕಾಗಿದೆ. ಒಂದೊಂದು ಸಂಸ್ಥೆಯೂ ತನ್ನ ಮಟ್ಟಿಗೆ ಉಪಯುಕ್ತವೇ ಸರಿ. ಆದರೆ ಒಂದರ ಪುಸ್ತಕದಲ್ಲಿ ಹತ್ತಿಯೆಂದಿರುವ ಹೊಲವು ಇನ್ನೊಂದರಲ್ಲಿ ಮೆಣಸಿನಕಾಯಿಯೆಂದಿದ್ದರೆ, ಬೆಳೆ ವಿಮೆಯ ಹಣಕ್ಕೆ ತಡೆಯುಂಟಾಗಿ ನಷ್ಟವು ಬೇಸಾಯಗಾರನಿಗೇ ತಟ್ಟುವುದು.

ಒಂದೇ ಲೆಕ್ಕವೆಂಬುದು ಈ ಸೀಮೆಗೆ ಹೊಸದಲ್ಲ. ಬಳ್ಳಾರಿಯು 1953ಕ್ಕೆ ಮುಂಚೆ ಮದರಾಸು ಪ್ರಾಂತಕ್ಕೆ ಸೇರಿದ್ದಾಗ, ಕರಣಿಕರು ಬರೆಯುತ್ತಿದ್ದ ಅಡಂಗಲ್ಲಿನಲ್ಲಿ ಸರ್ವೆ ನಂಬರು, ವಿಸ್ತೀರ್ಣ, ಬೆಳೆ, ನೀರಿನ ಆಧಾರ ಇವೆಲ್ಲವೂ ಒಂದೆಡೆಯಲ್ಲಿರುತ್ತಿದ್ದುವು. ಆದರೆ ಆ ಪುಸ್ತಕವು ಒಬ್ಬನ ಕೈವಶವಾಗಿತ್ತು. ವಂಶಪಾರಂಪರ್ಯದ ಗ್ರಾಮಾಧಿಕಾರಗಳು 1963ರಲ್ಲಿ ರದ್ದಾದುವು. ಅವು ಪುನಃ ಬರಲೆಂದು ಬಯಸುವುದು ಯುಕ್ತವಲ್ಲ. ಇಂದು ‘ಫ್ರೂಟ್ಸ್’ ನೋಂದಣಿಯು ರೈತನಿಗೆ ಒಂದೇ ಗುರುತಿನ ಸಂಖ್ಯೆಯನ್ನಿತ್ತು, ಅವನ ಜಮೀನಿನ ವಿವರಗಳನ್ನು ಅದಕ್ಕೆ ಜೋಡಿಸಿದೆ. ಬೆಳೆಯನ್ನು ರೈತನೇ ಮೊಬೈಲಿನಲ್ಲಿ ದಾಖಲಿಸುವ ಅವಕಾಶವೂ 2020ರಲ್ಲಿ ಒದಗಿತು.

ಆದರೂ ಸಂಖ್ಯೆಯೊಂದಾದ ಮಾತ್ರಕ್ಕೆ ಕಾರ್ಯವೊಂದಾಗದು. ಕಾಲುವೆಯ ನೀರನ್ನೇ ನೋಡಬಹುದು. ಮೊದಲಿಗೆ ಸುಮಾರು 133 ಟಿ.ಎಂ.ಸಿ. ನೀರು ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯವು ಹೂಳಿನ ದೆಸೆಯಿಂದ ಈಗ ಸುಮಾರು 105 ಟಿ.ಎಂ.ಸಿ.ಯಷ್ಟನ್ನೇ ಹಿಡಿಯುತ್ತದೆ. ಸಾಲ ಕೊಡುವವರು ಭತ್ತಕ್ಕೆ ಸಾಲವನ್ನೂ, ನೀರು ಹಂಚುವವರು ಅರೆ ನೀರಾವರಿ ಬೆಳೆಗೆ ನೀರನ್ನೂ ಗೊತ್ತುಪಡಿಸಿದರೆ, ಕಾಲುವೆಯ ಕೊನೆಯ ಹೊಲಕ್ಕೆ ನೀರು ಮುಟ್ಟುವುದೆಂತು?

ಹಾಗೆಂದು ಸಂಸ್ಥೆಗಳನ್ನೆಲ್ಲ ಒಂದಾಗಿ ಕರಗಿಸಬೇಕೆಂಬ ವಾದವೂ ಹಿತಕರವಲ್ಲ. ಸಾಲ, ನೀರು, ಬೀಜ ಮೂರೂ ಒಂದೇ ಕೈಗೆ ಸೇರಿದರೆ ಬಡವನ ದೂರನ್ನು ಕೇಳುವವರಿರುವುದಿಲ್ಲ. ಎತ್ತುಗಳು ಬೇರೆಯಾದರೂ ನೊಗವೊಂದಾಗಿರಬೇಕು. ಆದಕಾರಣ ಪ್ರತಿ ಗ್ರಾಮದಲ್ಲಿಯೂ ಮುಂಗಾರಿಗೆ ಮುಂಚಿತವಾಗಿ ಈ ಸಂಸ್ಥೆಗಳವರು ಪಂಚಾಯಿತಿಯಲ್ಲಿ ಒಂದು ದಿನ ಕೂಡಿ, ಸರ್ವೆ ನಂಬರುವಾರು ಒಂದೇ ಬೆಳೆಪಟ್ಟಿಯನ್ನು ಸಿದ್ಧಪಡಿಸಿ, ಎಲ್ಲರೆದುರು ಓದಿಹೇಳತಕ್ಕದ್ದು. ಬಿತ್ತನೆಯಾದ ಬಳಿಕ ಅದನ್ನು ಹೊಲದಲ್ಲಿ ನೋಡಿ ತಿದ್ದತಕ್ಕದ್ದು. ಸಾಲ, ನೀರು, ವಿಮೆ ಮೂರಕ್ಕೂ ಆ ಪಟ್ಟಿಯೇ ಆಧಾರವಾಗಲಿ.

ಇದರಲ್ಲಿ ಭೂಮಾಲೀಕರ ಹೊಣೆಯೇ ಹಿರಿದು. ಪಹಣಿಯಲ್ಲಿ ಹೆಸರಿಲ್ಲದ ಗುತ್ತಿಗೆದಾರನು ಬಿತ್ತಿದ ಬೆಳೆಯನ್ನು ಮರೆಮಾಚಿದರೆ, ಎಂತಹ ಪಟ್ಟಿಯೂ ಸುಳ್ಳಾಗುವುದು. ಪರಿಹಾರವು ಉತ್ತವನಿಗಲ್ಲದೆ ಹೆಸರಿದ್ದವನಿಗೆ ಸಲ್ಲುವುದು. ಗ್ರಾಮದ ಮುಖಂಡರು ಮೊದಲು ಉಳುವವನ ಹೆಸರನ್ನು ಧೈರ್ಯವಾಗಿ ಬರೆಯಿಸಲಿ. ಲೆಕ್ಕವು ನಿಜವಾದರೆ ಮಾತ್ರ ಅದು ಒಂದಾಗಿ ಪ್ರಯೋಜನವುಂಟು.