ಲಾಕೆಟ್‌ಗೆ ಯಾತರ ಬಾಗಿಲು?

ಏಳನೇ ತರಗತಿಯ ಇಂಗ್ಲಿಷ್ ಪಾಠ ಮಾಡುವಾಗ 'ಲಾಕೆಟ್' ಎಂಬ ಪದ ಬಂತು. ಗೈಡಿನಲ್ಲಿದ್ದಂತೆ 'ಪದಕ' ಎಂದು ಬೋರ್ಡಿನ ಮೇಲೆ ಬರೆದೆ. ಹಿಂದಿನ ಬೆಂಚಿನಿಂದ ಒಂದು ಹುಡುಗಿ ಎದ್ದು, "ಮಿಸ್, ಪದಕ ಅಂದ್ರೆ ಓಟದಲ್ಲಿ ಗೆದ್ರೆ ಕೊಡೋದಲ್ವಾ?" ಎಂದಳು. ತರಗತಿಯೆಲ್ಲ ನಕ್ಕಿತು. ಆದರೆ ಅವಳು ಹೇಳಿದ್ದರಲ್ಲಿ ತಪ್ಪೇನಿದೆ? ನಮ್ಮ ಅಜ್ಜಿಯರ ಪದಕದ ಸರ ಪೆಟ್ಟಿಗೆ ಸೇರಿ, ಪದಕವೆಂಬ ಮಾತು ಒಲಿಂಪಿಕ್ಸ್‌ಗೆ ಹೋಗಿ ಎಷ್ಟೋ ಕಾಲವಾಯಿತು. ಆ ಖಾಲಿ ಜಾಗದಲ್ಲಿ ಲಾಕೆಟ್ ಬಂದು ಕೂತಿದೆ. ಸರದ ತುದಿಯಲ್ಲಿ ಏನು ತೂಗಿದರೂ ಅದು ಲಾಕೆಟ್.

ಇಂಗ್ಲಿಷ್ ಮಾತು ಬಂದಿತೆಂದು ನನಗೆ ಸಿಟ್ಟಿಲ್ಲ. ನಮ್ಮ ಮಾರ್ಟಳ್ಳಿಯಲ್ಲಿ ಮನೆಯೊಳಗೆ ತಮಿಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಎರಡೂ. 1956ರವರೆಗೆ ಕೊಳ್ಳೇಗಾಲ ತಾಲ್ಲೂಕೇ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಹೀಗಿರುವಾಗ ಮಾತಿನ ಮಡಿ ನಮಗೆಲ್ಲಿಂದ ಬರಬೇಕು? ನನ್ನ ಸಿಟ್ಟು, ಮಾತನ್ನು ಒಳಗೆ ಕರೆದುಕೊಂಡು ಅದರ ಅರ್ಥವನ್ನು ಹೊಸಿಲ ಹೊರಗೇ ಬಿಟ್ಟೆವಲ್ಲ ಎಂಬುದು.

ಲಾಕೆಟ್ ಎಂಬುದು ಹಳೆಯ ಫ್ರೆಂಚಿನ ಚಿಲಕ. ಬೀಗಕ್ಕೆ ಹೇಳುವ 'ಲಾಕ್' ಅದರ ನೆಂಟ. ಹದಿನೇಳನೇ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷಿನಲ್ಲಿ ಅದು ಕೊರಳಿನ ಪುಟ್ಟ ಡಬ್ಬಿಯ ಹೆಸರಾಯಿತು. ಕೀಲು ಇರುತ್ತದೆ, ಉಗುರಿನಿಂದ ತೆರೆಯಬೇಕು. ಒಳಗೆ ಬೇಕಾದವರ ಚಿತ್ರವೋ ಒಂದೆಳೆ ಕೂದಲೋ ಇರುತ್ತದೆ. 1861ರಲ್ಲಿ ಗಂಡ ತೀರಿಕೊಂಡ ಮೇಲೆ ವಿಕ್ಟೋರಿಯಾ ರಾಣಿ ಅವನ ಕೂದಲಿದ್ದ ಲಾಕೆಟ್ ಧರಿಸುತ್ತಿದ್ದಳು. ಅಂಥ ರಾಣಿಗೇ ಆ ಡಬ್ಬಿಯಲ್ಲಿ ಮುಖ್ಯವಾದದ್ದು ಬಂಗಾರವಲ್ಲ, ಕೂದಲು.

ಇದೇನೂ ನಮಗೆ ತಿಳಿಯದ್ದಲ್ಲ. ಲಿಂಗಾಯತರ ಬೆಳ್ಳಿ ಕರಡಿಗೆ ಏನು? ತೆರೆದರೆ ಒಳಗೆ ಇಷ್ಟಲಿಂಗವಿದೆ. ಮಗುವಿನ ಕೊರಳಿನ ತಾಯಿತ ಏನು? ಅದರೊಳಗೂ ಮಡಿಸಿಟ್ಟದ್ದೊಂದಿದೆ. ಕರಡಿಗೆಯನ್ನು ತಕ್ಕಡಿಗಿಟ್ಟು ಒಳಗಿನ ಲಿಂಗವನ್ನು ಬಿಸಾಡುವವರು ಯಾರಾದರೂ ಇದ್ದಾರೆಯೇ? ಲಾಕೆಟ್ಟಿಗೆ ನಾವು ಮಾಡುತ್ತಿರುವುದು ಅದನ್ನೇ.

ನಾವು ಎಂದೆ, ನಾನು ಎನ್ನಬೇಕಿತ್ತು. ನನ್ನಮ್ಮನಿಗೆ ಬಾಗಿಲಿದ್ದ ಒಂದು ಲಾಕೆಟ್ ಇತ್ತು. ಒಳಗೆ ಅಪ್ಪನ ಹೆಸರುಕಾಳಿನಷ್ಟು ಮುಖ. ಅಪ್ಪ ಹೋದ ಮೇಲೆ ನಮ್ಮ ನೆಂಟರು, "ಸತ್ತವರನ್ನ ಕೊರಳಿಗೆ ಕಟ್ಕೊಂಡು ತಿರುಗೋದುಂಟಾ? ಒಳ್ಳೇದಲ್ಲ, ತೆಗೆದಿಡು" ಎಂದರು. ತಾಳಿ ತೆಗೆಸಿದ ಕೈಗಳೇ ಅದನ್ನೂ ಕೇಳಿದವು. ಅಮ್ಮ ಕೊಡಲಿಲ್ಲ. ಸಾಯುವವರೆಗೂ ರವಿಕೆಯೊಳಗೆ ಕದ್ದು ಹಾಕಿಕೊಂಡಳು. ಗಂಡನ ಮುಖವನ್ನು ಹೆಂಡತಿ ಕಳ್ಳಮಾಲಿನಂತೆ ಬಚ್ಚಿಡಬೇಕೆನ್ನುವ ಈ ಶಾಸ್ತ್ರ ಯಾವ ಪುಸ್ತಕದಲ್ಲಿದೆಯೋ, ಹೇಳಿದವರಾರೂ ತೋರಿಸಲಿಲ್ಲ.

ಆ ಲಾಕೆಟ್ ನನಗೆ ಬಂತು. ಮಗಳ ಮದುವೆಗೆ ಹಳೆಯದನ್ನೆಲ್ಲ ಕೊಟ್ಟು ಹೊಸದು ಮಾಡಿಸಲು ಪೇಟೆಗೆ ಹೋದೆವು. "ಹಾಲ್‌ಮಾರ್ಕ್ ಇಲ್ಲ ಮೇಡಂ, ಇನ್ಮುಂದೆ ಇದು ನಡೆಯಲ್ಲ" ಎಂದು ಅಂಗಡಿಯವರು ಹೆದರಿಸಿದರು. ನಂಬಿದೆ. 2021ರ ಜೂನ್‌ನಿಂದ ಹಂತಹಂತವಾಗಿ ಬಂದ ಆ ಕಡ್ಡಾಯ ಮಾರುವ ಅಂಗಡಿಗೇ ಹೊರತು ಮನೆಯ ಪೆಟ್ಟಿಗೆಯಲ್ಲಿರುವ ಒಡವೆಗಲ್ಲ ಎಂದು ತಿಳಿದದ್ದು ಆಮೇಲೆ. ಬೆಸುಗೆಯೆಂದು ಇಷ್ಟು ಕಳೆದರು, ಗಾಜು ಎಂದು ಇಷ್ಟು. ಹೊಸದಕ್ಕೆ ಮಜೂರಿ, ವೇಸ್ಟೇಜ್, ನೂರಕ್ಕೆ ಮೂರರಂತೆ ಜಿಎಸ್‌ಟಿ. ಹುಡುಗ ಪಿನ್ನಿನಿಂದ ಫೋಟೋ ಎಬ್ಬಿಸಿ, "ಇದು ಬೇಕಾ?" ಎಂದು ಕೇಳಿದನಂತೆ. ನಾನು ಕ್ಯಾಲ್ಕುಲೇಟರ್ ನೋಡುತ್ತಿದ್ದೆ. ಬೇಡ ಅಂದೆನಂತೆ. ಮಗಳು ಹೇಳಿದ್ದು.

ಬಂಗಾರ ಇರುವುದೇ ಕಷ್ಟಕ್ಕೆ ಎನ್ನುತ್ತೀರಿ. ನಿಜ. ನಮ್ಮೂರ ಕಡೆ ಮಳೆ ಕೈಕೊಟ್ಟರೆ, ಬೋರ್‌ವೆಲ್ ಬತ್ತಿದರೆ ಹೆಂಗಸಿನ ಕೊರಳೇ ಬ್ಯಾಂಕು. ಅಡವಿಡಿ, ನಾನೂ ಇಟ್ಟಿದ್ದೇನೆ. ಅಡವಿಟ್ಟದ್ದನ್ನು ಒಂದಲ್ಲ ಒಂದು ದಿನ ಬಿಡಿಸಿಕೊಳ್ಳಬಹುದು, ಕರಗಿಸಿದ್ದನ್ನು ಯಾವ ಬ್ಯಾಂಕೂ ತಿರುಗಿ ಕೊಡುವುದಿಲ್ಲ. ಹೊಸ ಡಿಸೈನ್ ಬಂದಿದೆಯೆಂದು ಕರಗಿಸುವುದು ಕಷ್ಟವಲ್ಲ, ಚಪಲ. 1994ರ ಆದಾಯ ತೆರಿಗೆಯ ಸೂಚನೆಯಂತೆ ಶೋಧ ನಡೆದಾಗ ಮದುವೆಯಾದವಳ 500 ಗ್ರಾಂ, ಆಗದವಳ 250 ಗ್ರಾಂ ಒಡವೆಯನ್ನು ಜಪ್ತಿ ಮಾಡುವಂತಿಲ್ಲ. ಸರ್ಕಾರಕ್ಕೆ ಗ್ರಾಂ ಬಿಟ್ಟು ಬೇರೆ ಲೆಕ್ಕ ಬರುವುದಿಲ್ಲ, ಸರಿ. ನಮಗೂ ಬರುವುದಿಲ್ಲವೇ?

ಆದ್ದರಿಂದ ಅಕ್ಕತಂಗಿಯರಲ್ಲಿ ಒಂದು ಜಗಳದ ಮಾತು. ಅತ್ತೆಯದೋ ಅಮ್ಮನದೋ ಒಡವೆ ತಕ್ಕಡಿ ಏರುವ ಮೊದಲು ಅದು ತೆರೆಯುತ್ತದೆಯೇ ನೋಡಿ. ಅಂಗಡಿಯವರು ಅವಸರ ಮಾಡಿದರೆ ಎದ್ದು ಬನ್ನಿ. ಗಂಡನೋ ಮಗನೋ "ಹಳೇ ಸಾಮಾನು" ಎಂದರೆ, ಅವರ ಹಳೆಯ ಗಡಿಯಾರವನ್ನು ಕೊಡುತ್ತಾರೆಯೇ ಕೇಳಿ. ವಿಧವೆಯ ಕೊರಳಿನ ಫೋಟೋದಲ್ಲಿ ಅಪಶಕುನ ಕಾಣುವವರಿಗೆ ಉತ್ತರ ಕೊಡುವ ಕೆಲಸ ಅವಳೊಬ್ಬಳದೇ ಅಲ್ಲ, ಪಕ್ಕದಲ್ಲಿ ಕೂತಿರುವ ನಮ್ಮದು.

ಹೋದ ತಿಂಗಳು ಕೊಳ್ಳೇಗಾಲದಲ್ಲಿ ಮತ್ತೊಂದು ಅಂಗಡಿಗೆ ಹೋಗಿದ್ದೆ. ಗಣಪತಿ, ಶಿಲುಬೆ, ಇಂಗ್ಲಿಷಿನ ಇಪ್ಪತ್ತಾರು ಅಕ್ಷರ, ಎಲ್ಲ ತೋರಿಸಿದರು. ಒಂದೂ ತೆರೆಯಲಿಲ್ಲ. "ಲಾಕೆಟ್‌ಗೆ ಯಾತರ ಬಾಗಿಲು ಮೇಡಂ?" ಎಂದು ಹುಡುಗ ನಕ್ಕ. ಕೊನೆಗೆ ಒಬ್ಬ ವಯಸ್ಸಾದ ಅಕ್ಕಸಾಲಿ ಬೆಳ್ಳಿಯಲ್ಲಿ ಮಾಡಿಕೊಡಲು ಒಪ್ಪಿದ್ದಾರೆ, ಹದಿನೈದು ದಿನ ಬೇಕಂತೆ. ಅಮ್ಮನ ಒಂದು ಫೋಟೋವನ್ನು ಅದರಳತೆಗೆ ಕತ್ತರಿಸಿ ಇಟ್ಟುಕೊಂಡಿದ್ದೇನೆ. ಎದುರಿನ ಮಗ್ಗುಲಿಗೆ ಇಡಲು ಅಪ್ಪನದು ನಮ್ಮ ಯಾರ ಮನೆಯಲ್ಲೂ ಇಲ್ಲ.